ವಾಹನ ಪ್ರಶ್ನೋತ್ತರ: ಬೈಕ್ ಮುಂದೋ, ಕಾರು ಮುಂದೋ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ವೇಗದ ಸುತ್ತಲೇ ಇದ್ದವು. ಒಂದೇ ಥರದವನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಹತ್ತಿರ ಹೊಸ ಕೆಟಿಎಂ 390 ಡ್ಯೂಕ್ ಇದೆ. ಗೆಳೆಯನ ಹತ್ತಿರ ಫೋಕ್ಸ್‌ವ್ಯಾಗನ್ ವರ್ಟಸ್ 1.5 ಟರ್ಬೊ ಇದೆ. ನಿಜವಾಗಿ ಯಾವುದು ವೇಗ? ಬಾಜಿ ಕಟ್ಟಿದ್ದೇವೆ.
— ಓದುಗ, ಹಾಸನ

ಉತ್ತರ: ಬಾಜಿ ಎಷ್ಟು ದೂರಕ್ಕೆ ಅಂತ ಬರೆದಿಲ್ಲ. ಉತ್ತರ ಇರುವುದೇ ಅಲ್ಲಿ.

ನಿಮ್ಮ ಗಾಡಿಯ 399 ಸಿಸಿ ಎಂಜಿನ್ ಕೊಡುವುದು 46 ಅಶ್ವಶಕ್ತಿ, ಗಾಡಿಯ ತೂಕ 168 ಕೆಜಿ. ಗೆಳೆಯನ ಕಾರಿಗೆ 150 ಅಶ್ವಶಕ್ತಿ, ತೂಕ ಸುಮಾರು 1,250 ಕೆಜಿ. ಎರಡರಲ್ಲೂ 75 ಕೆಜಿಯ ಒಬ್ಬರನ್ನು ಕೂರಿಸಿ ಭಾಗಾಕಾರ ಮಾಡಿ. ಟನ್ ತೂಕಕ್ಕೆ ಬೈಕಿನ ಪಾಲಿಗೆ 189 ಅಶ್ವಶಕ್ತಿ, ಕಾರಿನ ಪಾಲಿಗೆ 113. ಹಾಗಾಗಿ ಸೊನ್ನೆಯಿಂದ ನೂರಕ್ಕೆ ನೀವು ಆರು ಸೆಕೆಂಡಿನ ಆಸುಪಾಸಿನಲ್ಲಿ ಹೋಗುತ್ತೀರಿ, ಅವರಿಗೆ ಒಂಬತ್ತರ ಆಸುಪಾಸು ಬೇಕು. ಸಿಗ್ನಲ್‌ನಿಂದ ಸಿಗ್ನಲ್‌ಗೆ ನೀವು ಮುಂದೆ, ಅದರಲ್ಲಿ ಅನುಮಾನವೇ ಇಲ್ಲ.

140 ದಾಟಿದ ಮೇಲೆ ಲೆಕ್ಕ ತಿರುಗುತ್ತದೆ. ಗಾಳಿಯ ತಡೆ ವೇಗದ ವರ್ಗದಲ್ಲಿ ಏರುತ್ತದೆ: ವೇಗ ದುಪ್ಪಟ್ಟಾದರೆ ತಡೆ ನಾಲ್ಕು ಪಟ್ಟು. ಬೈಕು ನೋಡಲು ಸಣ್ಣದಾದರೂ ಸವಾರನ ಎದೆ, ಮೊಣಕಾಲು, ಹ್ಯಾಂಡಲ್, ಬಯಲಿಗೆ ಬಿದ್ದ ಎಂಜಿನ್ ಎಲ್ಲ ಗಾಳಿಯನ್ನು ಕಲಕುತ್ತವೆ. ಕಾರಿನ ಮೈ ಅದನ್ನು ಸೀಳಿ ಸುಮ್ಮನೆ ಹಿಂದಕ್ಕೆ ಕಳಿಸುತ್ತದೆ. ಡ್ಯೂಕ್ 160ರ ಮೇಲೆ ಏದುಸಿರು ಬಿಡುವಾಗ ವರ್ಟಸ್ ಇನ್ನೂ ಎಳೆಯುತ್ತಿರುತ್ತದೆ.

ತಿರುವಿನಲ್ಲಿ ಬೈಕೇ ಮುಂದು ಎಂಬ ನಂಬಿಕೆಯೂ ತಪ್ಪು. ಅಮೆರಿಕದ ಆಸ್ಟಿನ್ ಬಳಿಯ ಸರ್ಕ್ಯೂಟ್ ಆಫ್ ದಿ ಅಮೆರಿಕಾಸ್‌ನಲ್ಲಿ ಬೈಕುಗಳ ಮೋಟೊಜಿಪಿ, ಕಾರುಗಳ ಫಾರ್ಮುಲಾ ಒನ್ ರೇಸ್ ಎರಡೂ ನಡೆಯುತ್ತವೆ. ಐದೂವರೆ ಕಿಲೋಮೀಟರಿನ ಒಂದು ಸುತ್ತಿಗೆ ಬೈಕಿಗೆ ಎರಡು ನಿಮಿಷ ಬೇಕು, ಕಾರು ಒಂದೂವರೆ ನಿಮಿಷದಲ್ಲಿ ಮುಗಿಸುತ್ತದೆ. ನೇರ ದಾರಿಯಲ್ಲಿ ಬೈಕೇನೂ ಹಿಂದೆ ಬೀಳುವುದಿಲ್ಲ. 2023ರಲ್ಲಿ ಇಟಲಿಯ ಮುಜೆಲ್ಲೊದಲ್ಲಿ ಮೋಟೊಜಿಪಿ ಸವಾರ ಬ್ರಾಡ್ ಬಿಂಡರ್ 366 ಕಿಮೀ ವೇಗ ಮುಟ್ಟಿದ್ದಾರೆ. ಕಾರು ಆ ಅರ್ಧ ನಿಮಿಷ ಉಳಿಸುವುದು ತಿರುವಿನಲ್ಲಿ ಮತ್ತು ಬ್ರೇಕಿನಲ್ಲಿ. ಅದಕ್ಕೆ ನಾಲ್ಕು ಅಗಲ ಟಯರುಗಳಿವೆ, ಮೇಲಿನಿಂದ ನೆಲಕ್ಕೆ ಒತ್ತುವ ರೆಕ್ಕೆಗಳಿವೆ. ಬೈಕಿಗೆ ಅಂಗೈಯಗಲದ ಎರಡು ತುಂಡು ರಬ್ಬರ್ ಅಷ್ಟೆ.

ಇನ್ನು ಬಾಜಿ. ನಾಲ್ಕು ಪಥದ ಹೆದ್ದಾರಿಯಲ್ಲಿ ಕೇಂದ್ರದ ನಿಯಮದಂತೆ ಕಾರಿಗೆ 100, ಬೈಕಿಗೆ 80 ಮಿತಿ. ನಿಮ್ಮ ಬಾಜಿ ಇತ್ಯರ್ಥವಾಗುವ ಜಾಗ ಅದಲ್ಲ. ಜಾಗ ಎಲ್ಲಿದೆ ಎಂಬುದಕ್ಕೆ ಕೊನೆಯ ಪ್ರಶ್ನೆ ನೋಡಿ.

ಪ್ರಶ್ನೆ: ಚಾರ್ಮಾಡಿ ಇಳಿಯುವಾಗ ಎಡ ತಿರುವುಗಳಲ್ಲಿ ನನ್ನ ಬೈಕು ತಾನಾಗಿಯೇ ಬಲಕ್ಕೆ, ಎದುರಿನವರ ಕಡೆಗೆ ಸರಿಯುತ್ತದೆ. ವೇಗ 50–60 ಅಷ್ಟೆ. ಟಯರ್ ಬದಲಾಯಿಸಿದರೂ ಸರಿಹೋಗಿಲ್ಲ. ಅಲೈನ್‌ಮೆಂಟ್ ತೊಂದರೆಯೇ?
— ಮೂಡಿಗೆರೆ

ಉತ್ತರ: ನೇರ ರಸ್ತೆಯಲ್ಲಿ ಗಾಡಿ ಒಂದು ಪಕ್ಕಕ್ಕೆ ಎಳೆಯದಿದ್ದರೆ ಅಲೈನ್‌ಮೆಂಟ್ ಸರಿಯಿದೆ. ತೊಂದರೆ ಬಹುಪಾಲು ಕಣ್ಣಿನದು, ಆಮೇಲೆ ಕೈಯದು.

ಮೊದಲು ಲೆಕ್ಕ. 50 ಮೀಟರ್ ತ್ರಿಜ್ಯದ ತಿರುವನ್ನು 40ರಲ್ಲಿ ಹಾಯಲು ಬೈಕು 14 ಡಿಗ್ರಿ ವಾಲಿದರೆ ಸಾಕು. 60ಕ್ಕೆ 30 ಡಿಗ್ರಿ ಬೇಕು. 80ಕ್ಕೆ 45 ಡಿಗ್ರಿ, ಅಂದರೆ ಒಳ್ಳೆಯ ಟಯರಿಗೂ ಒಣ ಡಾಂಬರಿನ ಮೇಲೆ ಹೆಚ್ಚುಕಡಿಮೆ ಕೊನೆಯ ಗೆರೆ. ವೇಗ ಇಪ್ಪತ್ತಿಪ್ಪತ್ತು ಏರಿದಂತೆ ಗಾಡಿ ಎಷ್ಟು ಮಲಗಬೇಕಾಗುತ್ತದೆ ನೋಡಿ. ರೂಢಿಯಿಲ್ಲದ ಸವಾರನ ಮೈ 20–25 ಡಿಗ್ರಿಗೇ 'ಬಿದ್ದೆ' ಎಂದು ಹೆದರಿ ಗಾಡಿಯನ್ನು ನೆಟ್ಟಗೆ ಎತ್ತುತ್ತದೆ. ನೆಟ್ಟಗಾದ ಬೈಕು ನೇರ ಹೋಗುತ್ತದೆ. ಎಡ ತಿರುವಿನಲ್ಲಿ ನೇರ ಎಂದರೆ ಎದುರಿನ ಕೆಂಪು ಬಸ್ಸು.

ಎರಡನೆಯದು ನೋಟ. ಬೈಕು ಕಣ್ಣಿನ ಹಿಂದೆಯೇ ಹೋಗುತ್ತದೆ. ಬಸ್ಸನ್ನೋ ತಡೆಗೋಡೆಯನ್ನೋ ದಿಟ್ಟಿಸಿದರೆ ಕೈ ಅರಿವಿಲ್ಲದೆ ಅತ್ತಲೇ ತಿರುಗುತ್ತದೆ. ಗಲ್ಲ ತಿರುಗಿಸಿ, ತಿರುವು ಮುಗಿಯುವ ಕಡೆ ನೋಡಿ. ಬಸ್ಸು ಕಣ್ಣಂಚಿನಲ್ಲಿ ಇದ್ದರೆ ಸಾಕು.

ಮೂರನೆಯದು ಹ್ಯಾಂಡಲ್. ಎಡಕ್ಕೆ ವಾಲಬೇಕೆಂದರೆ ಎಡ ಹಿಡಿಯನ್ನು ಮುಂದಕ್ಕೆ ಒತ್ತಬೇಕು. ಕೇಳಲು ತಲೆಕೆಳಗು ಎನಿಸುತ್ತದೆ. 30 ದಾಟಿದ ವೇಗದಲ್ಲಿ, ಖಾಲಿ ನೇರ ರಸ್ತೆಯಲ್ಲಿ ಎಡ ಅಂಗೈಯಿಂದ ಮೆತ್ತಗೆ ಮುಂದೊತ್ತಿ ನೋಡಿ: ಮುಂಚಕ್ರ ಕ್ಷಣಕಾಲ ಬಲಕ್ಕೆ ಹೊರಳುತ್ತದೆ, ಗಾಡಿ ಎಡಕ್ಕೆ ವಾಲುತ್ತದೆ. ತಿರುವಿನ ನಡುವೆ ಬಲಕ್ಕೆ ಸರಿಯುತ್ತಿದ್ದೀರಿ ಅನಿಸಿದರೆ ಮಾಡಬೇಕಾದ್ದು ಇಷ್ಟೇ, ಎಡ ಹಿಡಿಯನ್ನು ಇನ್ನಷ್ಟು ಒತ್ತುವುದು. ಗಾಬರಿಯಲ್ಲಿ ಮುಂದಿನ ಬ್ರೇಕ್ ಗಪ್ಪನೆ ಹಿಡಿದರೆ ಗಾಡಿ ಒಂದೋ ಎದ್ದು ನಿಲ್ಲುತ್ತದೆ, ಇಲ್ಲ ಮುಂಚಕ್ರ ಜಾರುತ್ತದೆ.

ಕ್ರಮ ಹೀಗಿರಲಿ. ತಿರುವಿಗೆ ಮೊದಲೇ, ಗಾಡಿ ನೆಟ್ಟಗಿರುವಾಗ ಬ್ರೇಕ್ ಮತ್ತು ಗೇರ್ ಇಳಿಸುವ ಕೆಲಸ ಮುಗಿಸಿ. ಘಾಟಿ ಇಳಿಯುವಾಗ ಎರಡು ಅಥವಾ ಮೂರನೇ ಗೇರ್, ನ್ಯೂಟ್ರಲ್ ಮಾತ್ರ ಯಾವತ್ತೂ ಬೇಡ. ಎಡ ತಿರುವಿಗೆ ನಿಮ್ಮ ಪಥದ ಬಲ ಭಾಗದಿಂದ ಪ್ರವೇಶಿಸಿ, ತಿರುವಿನ ಆಚೆ ಹೆಚ್ಚು ದೂರ ಕಾಣುತ್ತದೆ. ಬಲ ತಿರುವಿಗೆ ಎಡದಿಂದ ಬನ್ನಿ, ಆದರೆ ತೀರ ಅಂಚಿಗೆ ಹೋಗಬೇಡಿ, ಜಲ್ಲಿ, ಮರಳು, ಪಾಚಿ ಎಲ್ಲ ಅಲ್ಲೇ ಗುಡ್ಡೆಯಾಗಿರುತ್ತದೆ. ಬಲ ತಿರುವಿನಲ್ಲಿ ಚಕ್ರ ನಡುಗೆರೆಯ ಈಚೆ ಇದ್ದರೂ ವಾಲಿದ ಸವಾರನ ತಲೆ ಆಚೆ ಇರಬಹುದು ಎಂಬುದನ್ನೂ ಮರೆಯಬೇಡಿ. ತಿರುವಿನೊಳಗೆ ಎಕ್ಸಲರೇಟರ್ ಒಂದೇ ಸಮ ಇರಲಿ, ಹೊರದಾರಿ ಕಂಡ ಮೇಲೆ ತಿರುಗಿಸಿ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್‌ಗಳಂಥ ಕಡೆ 25ಕ್ಕಿಂತ ಹೆಚ್ಚು ವೇಗಕ್ಕೆ ಕೆಲಸವೇ ಇಲ್ಲ. ಅಲ್ಲಿ ಮೊದಲ ಗೇರಿನಲ್ಲಿ, ಹಿಂದಿನ ಬ್ರೇಕನ್ನು ತುಸು ಒತ್ತಿ ಹಿಡಿದರೆ ಗಾಡಿ ನಡುಗುವುದಿಲ್ಲ.

ಬೈಕಿನ ಮಜಾ ಇರುವುದೂ ಇಲ್ಲೇ, ಘಾಟಿಯ ತಿರುವಿನಲ್ಲಿ 45ರಲ್ಲಿ ಸರಿಯಾಗಿ ವಾಲಿದ ಗಾಡಿ ಕೊಡುವ ಖುಷಿಯನ್ನು ಹೆದ್ದಾರಿಯ 140 ಕೊಡುವುದಿಲ್ಲ. ಇದೇ ತಿರುವಿನಲ್ಲಿ ಕಾರಿನ ಟಯರ್ ಜಾರಿದರೆ ಚಾಲಕ ಕಾಲು ಸಡಿಲಿಸಿ ಸಾವರಿಸಿಕೊಳ್ಳಬಹುದು, ಕಾರು ನಾಲ್ಕು ಚಕ್ರದ ಮೇಲೆ ಉಳಿಯುತ್ತದೆ. ಬೈಕಿನ ಮುಂಚಕ್ರ ಜಾರಿದರೆ ಯೋಚಿಸಲು ಹೊತ್ತು ಸಿಗುವುದಿಲ್ಲ.

ಪ್ರಶ್ನೆ: ಎಬಿಎಸ್ ಇದೆಯಲ್ಲ, ಮುಂದಿನ ಬ್ರೇಕ್ ಎಷ್ಟು ಜೋರಾಗಿ ಬೇಕಾದರೂ ಹಿಡಿಯಬಹುದಾ?
— ಕಾಲೇಜು ವಿದ್ಯಾರ್ಥಿ, ತುಮಕೂರು

ಉತ್ತರ: ಗಾಡಿ ನೆಟ್ಟಗಿದ್ದರೆ ಹೌದು. ಬ್ರೇಕ್ ಜೋರಾಗಿ ಹಿಡಿದರೂ ಚಕ್ರ ಪೂರ್ತಿ ನಿಂತು ಜಾರದಂತೆ ನೋಡಿಕೊಳ್ಳುವುದೇ ಎಬಿಎಸ್. ವಾಲಿರುವಾಗ ಸಾಮಾನ್ಯ ಎಬಿಎಸ್ ನಿಮ್ಮನ್ನು ಉಳಿಸುವ ಖಾತ್ರಿಯಿಲ್ಲ. ವಾಲಿದ ಕೋನವನ್ನು ಅಳೆಯುವ ಸೆನ್ಸರ್ ಕೆಲವು ದುಬಾರಿ ಗಾಡಿಗಳಲ್ಲಿ ಮಾತ್ರ ಇದೆ. ಇನ್ನೊಂದು ವಿಷಯ: 125 ಸಿಸಿ ಮೀರಿದ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗಿದೆ, ಆದರೆ ಹಲವು ಗಾಡಿಗಳಲ್ಲಿ ಅದು ಮುಂಚಕ್ರಕ್ಕಷ್ಟೇ ಇರುತ್ತದೆ. ನಿಮ್ಮದು ಸಿಂಗಲ್ ಚಾನೆಲ್ಲೋ (ಮುಂಚಕ್ರಕ್ಕಷ್ಟೇ) ಡ್ಯುಯಲ್ ಚಾನೆಲ್ಲೋ (ಎರಡೂ ಚಕ್ರಕ್ಕೆ) ನೋಡಿಕೊಳ್ಳಿ.

ಜೋರಾಗಿ ಬ್ರೇಕ್ ಹಿಡಿದಾಗ ತೂಕವೆಲ್ಲ ಮುಂದಕ್ಕೆ ಬರುತ್ತದೆ. ನಿಲ್ಲಿಸುವ ಶಕ್ತಿಯ ಮುಕ್ಕಾಲು ಭಾಗ ಮುಂಚಕ್ರದ್ದೇ. 'ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ' ಎಂದು ಹೆದರಿ ಹಿಂದಿನದನ್ನೇ ತುಳಿಯುವವರು ನಿಲ್ಲಲು ಬೇಕಾದ ದೂರವನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡಿಕೊಳ್ಳುತ್ತಾರೆ. ಖಾಲಿ ಮೈದಾನದ ಪಕ್ಕದ ಡಾಂಬರಿನಲ್ಲಿ 30ರ ವೇಗಕ್ಕೆ ಹೋಗಿ, ಎರಡು ಬೆರಳಿನಿಂದ ಮೊದಲು ಮೆತ್ತಗೆ ಹಿಂಡಿ. ಮುಂದಿನ ಫೋರ್ಕ್ ತಗ್ಗಿದ್ದು ಗೊತ್ತಾದ ಮೇಲೆ ಪೂರ್ತಿ ಹಿಂಡಿ. ನಿಲ್ಲುವ ಹೊತ್ತಿಗೆ ಕ್ಲಚ್. ಹತ್ತು ಸಲ. ಆಮೇಲೆ 40, 50. ಲಿವರ್ ಕೈಯಲ್ಲಿ ಪಟಪಟ ಮಿಡಿದರೆ ಅದು ಎಬಿಎಸ್, ಬಿಡಬೇಡಿ.

ಪ್ರಶ್ನೆ: ಮಗ ಎಂಜಿನಿಯರಿಂಗ್ ಮುಗಿಸಿದ್ದಾನೆ. 400 ಸಿಸಿ ಬೈಕೇ ಬೇಕು ಅನ್ನುತ್ತಾನೆ. ನಮ್ಮ ಮನೆಯವರು ಅದೇ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಕಾರು ಕೊಡಿಸೋಣ ಅನ್ನುತ್ತಾರೆ. ಯಾವುದು ಕಡಿಮೆ ಅಪಾಯ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಅಪಾಯ ಮಾತ್ರ ನೋಡುವುದಾದರೆ ನಿಮ್ಮ ಯಜಮಾನರ ಮಾತೇ ಸರಿ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44.5 ಮಂದಿ ದ್ವಿಚಕ್ರದವರು. ಹೆಲ್ಮೆಟ್ ಇಲ್ಲದೆ ಸತ್ತವರೇ 50,029.

ಆದರೆ ಕೊಡಿಸುವ ಕಾರು ಯಾವ ವರ್ಷದ್ದು? ಕಾರುಗಳಿಗೆ ಎಬಿಎಸ್ ಮತ್ತು ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ. ಅದಕ್ಕಿಂತ ಹಳೆಯದಾದರೆ ಎರಡೂ ಇವೆಯೇ ಎಂದು ಕೇಳಿ ತಿಳಿದು ತೆಗೆದುಕೊಳ್ಳಿ. ಟಯರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ: 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೇಲ್ಮೈ ಎಷ್ಟೇ ಚೆನ್ನಾಗಿ ಕಂಡರೂ ಅಷ್ಟು ಹಳೆಯ ರಬ್ಬರ್ ಗಡುಸಾಗಿರುತ್ತದೆ, ಬದಲಾಯಿಸಿ.

ಮಗ ಬೈಕೇ ಅಂತ ಕೂತರೆ, ಮೊದಲ ವರ್ಷ 150–160 ಸಿಸಿ ಸಾಕು. 400 ಸಿಸಿ ಗಾಡಿ ಎರಡನೇ ಗೇರಿನಲ್ಲೇ ನಗರದ ವೇಗಮಿತಿ ದಾಟಿಸಿಬಿಡುತ್ತದೆ, ಕಲಿಯುವವನ ತಪ್ಪಿಗೆ ಬಿಡುವು ಕೊಡುವುದಿಲ್ಲ. ಉಳಿದ ದುಡ್ಡಿನಲ್ಲಿ ಉಡುಪು ಕೊಡಿಸಿ: ಐಎಸ್‌ಐ ಗುರುತಿನ ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್, ಭುಜ ಮೊಣಕೈಗೆ ಪ್ಯಾಡ್ ಇರುವ ಜಾಕೆಟ್, ಕೈಗವಸು, ಮೊಣಕಾಲಿನ ಗಾರ್ಡ್, ಕಣಕಾಲು ಮುಚ್ಚುವ ಬೂಟು. 60ರ ವೇಗದಲ್ಲಿ ಬಿದ್ದವನು ಡಾಂಬರಿನ ಮೇಲೆ ಇಪ್ಪತ್ತು ಮೀಟರಿಗೂ ಹೆಚ್ಚು ಉಜ್ಜಿಕೊಂಡು ಹೋಗುತ್ತಾನೆ. ಮಾಮೂಲಿ ಜೀನ್ಸ್ ಬಟ್ಟೆ ಅಷ್ಟು ದೂರ ಬಾಳುವುದಿಲ್ಲ.

ಹೆಲ್ಮೆಟ್ ಅಳತೆ ಅಂಗಡಿಯಲ್ಲೇ ನೋಡಿ. ಹಾಕಿ, ಗಲ್ಲದ ಭಾಗ ಹಿಡಿದು ಅತ್ತಿತ್ತ ತಿರುಗಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಎಳೆಯಬೇಕು. ಪಟ್ಟಿ ಬಿಗಿದು, ಹಿಂದಿನಿಂದ ಮೇಲಕ್ಕೆ ತಳ್ಳಿದರೆ ಕಳಚಿ ಬರಬಾರದು. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟಿನ ಒಳಗಿನ ಥರ್ಮೊಕೋಲ್ ಪದರ ಅಪ್ಪಚ್ಚಿಯಾಗಿರುತ್ತದೆ, ಹೊರಗೆ ಗೀರು ಕಾಣದಿದ್ದರೂ ಅದು ಮತ್ತೆ ಕೆಲಸಕ್ಕೆ ಬಾರದು.

ಪ್ರಶ್ನೆ: ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬೈಕ್ ನಿಷೇಧ ಅನ್ಯಾಯವಲ್ಲವೇ? ನನ್ನ ಬೈಕು ಎಷ್ಟೋ ಕಾರುಗಳಿಗಿಂತ ವೇಗ.
— ಮಂಡ್ಯ

ಉತ್ತರ: 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್ ಬೇಡವೆಂದದ್ದು ನಿಮ್ಮಂಥ ಬೈಕಿಗಾಗಿ ಅಲ್ಲ, 50ರಲ್ಲಿ ಹೋಗುವ ಮೊಪೆಡ್ಡಿಗಾಗಿ. ನೂರರ ಕಾರಿಗೂ ಐವತ್ತರ ಮೊಪೆಡ್ಡಿಗೂ ನಡುವಿನ ನೂರು ಮೀಟರ್ ಏಳೇ ಸೆಕೆಂಡಿನಲ್ಲಿ ಮುಗಿಯುತ್ತದೆ. ದೊಡ್ಡ ಬೈಕಿಗೆ ವಿನಾಯಿತಿ ಕೇಳುವುದರಲ್ಲಿ ತರ್ಕವಿದೆ, ಸದ್ಯಕ್ಕೆ ಸರ್ವಿಸ್ ರಸ್ತೆಯೇ ಗತಿ.

ಪ್ರಶ್ನೆ: ನನ್ನ ಟರ್ಬೊ ಕಾರು 120ರಲ್ಲೂ 60ರಷ್ಟೇ ನಿರಾಳ. ಅಷ್ಟು ಭದ್ರ ಎಂದೇ ಅರ್ಥ ಅಲ್ಲವೇ?
— ಉಡುಪಿ

ಉತ್ತರ: ಶಬ್ದ ಕಡಿಮೆ ಎಂದಷ್ಟೇ ಅರ್ಥ. ಬೈಕು ವೇಗವನ್ನು ಎದೆಗೆ ಗುದ್ದಿ ಹೇಳುತ್ತದೆ. ಕಾರು ಗಾಜು ಏರಿಸಿ, ಎಸಿ ಹಾಕಿ ಅದನ್ನು ಮುಚ್ಚಿಡುತ್ತದೆ. ವೇಗದ ಕಾರಿನ ಅಪಾಯ ಇದೇ.

ಎದುರಿಗೆ ಹಸು ಬಂತು ಎನ್ನಿ. ಕಂಡು, ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್. ನೂರರಲ್ಲಿ ಅಷ್ಟರೊಳಗೆ 42 ಮೀಟರ್ ಹೋಗಿರುತ್ತೀರಿ. ಒಣ ರಸ್ತೆಯಲ್ಲಿ ನಿಲ್ಲಲು ಇನ್ನು 49 ಮೀಟರ್, ಒಟ್ಟು 91. 120ರಲ್ಲಿ ಹೊರಟಿದ್ದರೆ ಒಟ್ಟು 121 ಮೀಟರ್ ಬೇಕು. ಬರೀ ಮೂವತ್ತು ಮೀಟರ್ ವ್ಯತ್ಯಾಸ ಅನ್ನಬೇಡಿ. ನೂರರ ಕಾರು ಹಸುವಿನ ಮುಂದೆ ನಿಂತ ಜಾಗದಲ್ಲಿ ನಿಮ್ಮ ಕಾರು ಇನ್ನೂ 78 ಕಿಮೀ ವೇಗದಲ್ಲಿರುತ್ತದೆ.

ಕರಾವಳಿಯ ಮಳೆಗಾಲದಲ್ಲಿ ಇನ್ನೊಂದಿದೆ. ರಸ್ತೆಯಲ್ಲಿ ನೀರು ನಿಂತಿದ್ದರೆ 90ರ ಆಸುಪಾಸಿನಲ್ಲಿ ಕಾರಿನ ಅಗಲ ಟಯರ್ ನೀರಿನ ಮೇಲೆ ತೇಲಲು ಶುರುಮಾಡುತ್ತದೆ, ಸವೆದ ಟಯರಾದರೆ ಇನ್ನೂ ಬೇಗ. ಸ್ಟೀರಿಂಗ್ ಒಮ್ಮೆಲೇ ಹಗುರಾದರೆ ಅದೇ ಸೂಚನೆ. ಬ್ರೇಕ್ ತುಳಿಯದೆ, ಸ್ಟೀರಿಂಗ್ ನೇರ ಹಿಡಿದು ಎಕ್ಸಲರೇಟರ್ ಮಾತ್ರ ಬಿಡಿ. ಬೈಕಿನ ಸಪೂರ, ಗುಂಡಗಿನ ಟಯರ್ ನೀರನ್ನು ಸೀಳಿ ಹೋಗುತ್ತದೆ, ಈ ಒಂದು ವಿಷಯದಲ್ಲಿ ಅದೇ ವಾಸಿ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಲಿ.

ಪ್ರಶ್ನೆ: ರಸ್ತೆಯ ಮೇಲೆ ಹುರುಳಿ ಒಕ್ಕಣೆಗೆ ಹಾಕಿದಾಗ ಬೈಕಿಗೆ ಅಪಾಯವೋ, ಕಾರಿಗೋ?
— ಪಾವಗಡ

ಉತ್ತರ: ಎರಡಕ್ಕೂ, ಬೇರೆಬೇರೆ ರೀತಿ. ಕಾಳಿನ ಮೇಲೆ ಬೈಕು ಜಾರುತ್ತದೆ: ಮೊದಲೇ ವೇಗ ಇಳಿಸಿ, ಅದರ ಮೇಲೆ ಹೋಗುವಾಗ ಬ್ರೇಕೂ ಬೇಡ, ವಾಲುವುದೂ ಬೇಡ. ಕಾರಿನ ಅಡಿಯಲ್ಲಿ ಬಳ್ಳಿ ಆಕ್ಸಲ್ಲಿಗೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಗುಲಿ ಹೊತ್ತಿಕೊಳ್ಳಬಹುದು. ದಾಟಿದ ಕೂಡಲೇ ನಿಲ್ಲಿಸಿ ಬಗ್ಗಿ ನೋಡಿ, ಎಳೆದು ತೆಗೆಯಿರಿ. ಸುಟ್ಟ ವಾಸನೆ ಬಂದರೆ ಮೊದಲು ಎಲ್ಲರೂ ಕೆಳಗಿಳಿಯಿರಿ.

ಪ್ರಶ್ನೆ: ರಸ್ತೆ ಬಿಟ್ಟು, ನಿಜವಾಗಿ ವೇಗವಾಗಿ ಓಡಿಸಲು ಎಲ್ಲಿಗೆ ಹೋಗಬೇಕು?
— ಹುಬ್ಬಳ್ಳಿ, ಬೆಂಗಳೂರು, ಇನ್ನೂ ಕೆಲವರು

ಉತ್ತರ: ಹತ್ತಿರದವು ಎರಡು: ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಬಳಿ ಇರುಂಗಾಟ್ಟುಕೋಟೈಯ ಟ್ರ್ಯಾಕ್. ಎರಡರಲ್ಲೂ ತರಬೇತಿ ಮತ್ತು ನಿಮ್ಮದೇ ಗಾಡಿ ಓಡಿಸಬಹುದಾದ ಟ್ರ್ಯಾಕ್ ದಿನಗಳು ನಡೆಯುತ್ತವೆ. ಎಲ್ಲರೂ ಒಂದೇ ದಿಕ್ಕಿಗೆ ಓಡಿಸುತ್ತಾರೆ, ಹಸು, ಹಂಪು, ಎದುರಿನ ಲಾರಿ ಇಲ್ಲ, ಆಂಬುಲೆನ್ಸ್ ಪಕ್ಕದಲ್ಲೇ ಇರುತ್ತದೆ. ಬೈಕಿನವರಿಗೆ ಚರ್ಮದ ಪೂರ್ತಿ ಸೂಟ್ ಬೇಕು, ಬಾಡಿಗೆಗೂ ಸಿಗುತ್ತದೆ. ಕನ್ನಡಿ ಬಿಚ್ಚಿ, ದೀಪಗಳಿಗೆ ಟೇಪ್ ಅಂಟಿಸಿ. ಬ್ರೇಕ್ ಪ್ಯಾಡ್ ಹೊಸದಿರಲಿ, ಬ್ರೇಕ್ ಆಯಿಲ್ ಎರಡು ವರ್ಷ ದಾಟಿದ್ದರೆ ಬದಲಾಯಿಸಿ. ಹಳೆಯದು ನೀರಿನಂಶ ಹೀರಿರುತ್ತದೆ, ಕಾದಾಗ ಅದು ಕುದ್ದು ಗುಳ್ಳೆಯಾಗಿ ಲಿವರ್ ಹಿಡಿಯವರೆಗೂ ಬಂದುಬಿಡುತ್ತದೆ. ಕಾರಿನವರಿಗೂ ಇದೇ ಮಾತು, ಭಾರ ಹೆಚ್ಚಾದ್ದರಿಂದ ಅವರ ಬ್ರೇಕ್ ಇನ್ನೂ ಬೇಗ ಸೋಲುತ್ತದೆ: ಮೂರು ಸುತ್ತು ಜೋರು, ಒಂದು ಸುತ್ತು ನಿಧಾನ.

ಮಣ್ಣಿನ ದಾರಿಯ ರ‍್ಯಾಲಿ ಇಷ್ಟವಾದವರಿಗೆ ಮಾದರಿಗಳು ನಮ್ಮಲ್ಲೇ ಇದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಬೈಕಿನಲ್ಲಿ, ಸಾವಿರಾರು ಕಿಲೋಮೀಟರಿನ ಡಕಾರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯ. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮಹಿಳೆಯರ ಬಾಹಾ (ಕಚ್ಚಾದಾರಿಯ ಓಟ) ವಿಶ್ವಕಪ್ ಗೆದ್ದರು. ಹಾಸನದ ಓದುಗರೇ, ನೀವೂ ಗೆಳೆಯನೂ ಕೊಯಮತ್ತೂರಿಗೆ ಹೊರಡಿ. ಬೈಕಿಗೂ ಕಾರಿಗೂ ಅಲ್ಲಿ ಬೇರೆಬೇರೆ ಸರದಿ, ಇಬ್ಬರ ಸುತ್ತಿನ ಸಮಯ ಬರೆದು ಕಳಿಸಿ.