ಕಂಪನಿ ಖರ್ಚಿನ ಪ್ರಯಾಣ: ಓದುಗರು ಕೇಳಿದ್ದು, ನಾವು ಹೇಳುವುದು

ಶಿವಮೊಗ್ಗ ಸುತ್ತಲಿನ ಫೌಂಡ್ರಿ, ಮೆಷಿನ್ ಶಾಪ್, ಅಡಿಕೆ ಯಂತ್ರದ ಘಟಕಗಳಿಂದ ಈಗ ಪುಣೆ, ಚೆನ್ನೈಗಷ್ಟೇ ಅಲ್ಲ, ಸಿಂಗಪುರ, ಜಕಾರ್ತ, ಟೋಕಿಯೋಗೂ ಜನ ಹೋಗಿಬರುತ್ತಾರೆ. ಆ ಖರ್ಚು ನೋಡಿಕೊಳ್ಳುವ ಖರೀದಿ ವಿಭಾಗದವರು, ಲೆಕ್ಕಪತ್ರದವರು ಬರೆದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಸಿಂಗಪುರದ ಹೋಟೆಲಿನವರು ಇಮೇಲ್‌ನಲ್ಲಿ ರಾತ್ರಿಗೆ 200 ಡಾಲರ್ ಎಂದಿದ್ದರು. ನಾಲ್ಕು ರಾತ್ರಿಗೆ 800 ಮಂಜೂರು ಮಾಡಿದ್ದೆವು. ಬಿಲ್ 959.20 ಬಂದಿದೆ. ಮಾಲೀಕರು ನಮ್ಮ ಎಂಜಿನಿಯರನ್ನೇ ಅನುಮಾನದಿಂದ ನೋಡುತ್ತಿದ್ದಾರೆ. ಎಲ್ಲಿ ತಪ್ಪಾಯಿತು?
— ಖರೀದಿ ವಿಭಾಗ, ಮಾಚೇನಹಳ್ಳಿ

ನಿಮ್ಮ ಎಂಜಿನಿಯರ್ ಒಂದು ಕಾಸನ್ನೂ ಹೆಚ್ಚು ಖರ್ಚು ಮಾಡಿಲ್ಲ, ದಯವಿಟ್ಟು ಇದನ್ನು ಮೊದಲು ಮಾಲೀಕರಿಗೆ ತಿಳಿಸಿ. ಆ ಇಮೇಲನ್ನು ಮತ್ತೊಮ್ಮೆ ತೆಗೆದು ನೋಡಿ, 200ರ ಪಕ್ಕ ಎರಡು ಕೂಡಿಸುವ ಚಿಹ್ನೆ ಇರಲೇಬೇಕು: 200++. ಆಗ್ನೇಯ ಏಷ್ಯಾದ ಹೋಟೆಲಿನವರು ಇದನ್ನು ‘ಪ್ಲಸ್ ಪ್ಲಸ್’ ಎನ್ನುತ್ತಾರೆ. ಒಂದು ಪ್ಲಸ್ ಸೇವಾ ಶುಲ್ಕಕ್ಕೆ, ಇನ್ನೊಂದು ಸರ್ಕಾರದ ತೆರಿಗೆಗೆ. ಸಿಂಗಪುರದಲ್ಲಿ ಸೇವಾ ಶುಲ್ಕ 10%. ಅಲ್ಲಿಯ ಜಿಎಸ್‌ಟಿ 2024ರ ಜನವರಿ 1ರಿಂದ 9%. ಎರಡನ್ನೂ ಕೂಡಿ 19% ಎಂದು ಲೆಕ್ಕ ಹಾಕಿದರೂ ತಪ್ಪಾಗುತ್ತದೆ, ಯಾಕೆಂದರೆ ತೆರಿಗೆ ಬೀಳುವುದು ಸೇವಾ ಶುಲ್ಕ ಸೇರಿದ ಮೊತ್ತದ ಮೇಲೆ. 200ಕ್ಕೆ 20 ಸೇರಿ 220, ಅದರ ಮೇಲೆ 9% ಅಂದರೆ 19.80, ಒಟ್ಟು 239.80. ನಾಲ್ಕು ರಾತ್ರಿಗೆ 959.20. ನಿಮ್ಮ ಬಿಲ್ ಸರಿಯಾಗಿಯೇ ಇದೆ.

ಇದೇ ಲೆಕ್ಕ ದೇಶದಿಂದ ದೇಶಕ್ಕೆ ಬೇರೆ. ಥಾಯ್ಲೆಂಡಿನಲ್ಲಿ ಸೇವಾ ಶುಲ್ಕ 10%, ವ್ಯಾಟ್ 7%. 4,000 ಬಾತ್ ++ ಎಂದರೆ ಕೊಡಬೇಕಾದ್ದು 4,708. ಇಂಡೋನೇಷ್ಯಾದಲ್ಲಿ ಸಾಮಾನ್ಯವಾಗಿ ಎರಡೂ ಸೇರಿ 21%. ಮಲೇಷ್ಯಾದಲ್ಲಿ ಸೇವಾ ತೆರಿಗೆ 8%, ಅದರ ಜೊತೆ ವಿದೇಶಿ ಅತಿಥಿಯಿಂದ ಪ್ರತಿ ಕೋಣೆಗೆ ರಾತ್ರಿಗೆ 10 ರಿಂಗಿಟ್ ಪ್ರವಾಸೋದ್ಯಮ ತೆರಿಗೆ. ಇದನ್ನು ಹಲವು ಕಡೆ ಕೌಂಟರಿನಲ್ಲೇ ಬೇರೆಯಾಗಿ ವಸೂಲಿ ಮಾಡುತ್ತಾರೆ, ಮುಂಗಡ ಕಟ್ಟಿದ್ದೇವೆ ಎಂದರೂ ಬಿಡುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಹೇಳುವ ದರದಲ್ಲೇ 10% ಜಿಎಸ್‌ಟಿ ಸೇರಿರುತ್ತದೆ. ಜಪಾನಿನಲ್ಲೂ ಬಳಕೆ ತೆರಿಗೆ ಸಾಮಾನ್ಯವಾಗಿ ಸೇರಿರುತ್ತದೆ, ಆದರೆ ಟೋಕಿಯೋ, ಕ್ಯೋಟೋದಂಥ ಊರುಗಳಲ್ಲಿ ತಂಗುವ ತೆರಿಗೆ ಬೇರೆ. ಹಾಗಾಗಿ ಸಿಡ್ನಿಯ 200ನ್ನೂ ಸಿಂಗಪುರದ 200++ ಅನ್ನೂ ಒಂದೇ ಸಾಲಿನಲ್ಲಿಟ್ಟು ಹೋಲಿಸಿದರೆ ಆ ಪಟ್ಟಿಗೆ ಅರ್ಥವಿಲ್ಲ.

ಕೊಟೇಶನ್ ಕೇಳುವಾಗಲೇ ‘ನೆಟ್’ ದರ ಬರೆಯಿಸಿಕೊಳ್ಳಿ, ಅಂದರೆ ಶುಲ್ಕ, ತೆರಿಗೆ, ಬೆಳಗಿನ ತಿಂಡಿ, ವೈಫೈ ಎಲ್ಲ ಸೇರಿದ್ದು. ಜೊತೆಗೆ ಇನ್ನೆರಡು ಷರತ್ತು ಕೇಳಬೇಕು. ಈ ದರ ಕೊನೆಯ ಕೋಣೆ ಖಾಲಿ ಇರುವವರೆಗೂ ಸಿಗುತ್ತದೆಯೋ, ಇಲ್ಲವೇ ಹೋಟೆಲಿನವರು ತಮಗೆ ಬೇಕಾದಾಗ ಮುಚ್ಚಬಹುದೋ? ಎರಡನೆಯದಾದರೆ ವಸ್ತುಪ್ರದರ್ಶನದ ವಾರದಲ್ಲಿ ನಿಮ್ಮ ಒಪ್ಪಂದದ ದರ ಕಾಗದದ ಮೇಲಷ್ಟೇ ಉಳಿಯುತ್ತದೆ. ರದ್ದು ಮಾಡಲು ಕೊನೆಯ ಗಂಟೆ ಯಾವುದು ಎಂಬುದು ಎರಡನೆಯ ಷರತ್ತು. ‘ಸಂಜೆ 6ರವರೆಗೆ’ ಎಂದರೆ ಅಲ್ಲಿಯ ಸಂಜೆ 6. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ, ಟೋಕಿಯೋ ಮೂರೂವರೆ ಗಂಟೆ ಮುಂದೆ. ಇಲ್ಲಿ ನಾಲ್ಕು ಗಂಟೆಯ ಕಾಫಿ ಕುಡಿದು ರದ್ದು ಮಾಡೋಣ ಎಂದುಕೊಂಡರೆ ಸಿಂಗಪುರದಲ್ಲಿ ಆರೂವರೆ ಆಗಿರುತ್ತದೆ, ಒಂದು ರಾತ್ರಿಯ ಬಾಡಿಗೆ ಹೋಯಿತು.

ವರ್ಷಕ್ಕೆ ಮೂವತ್ತು ನಲವತ್ತು ರಾತ್ರಿ ಮಾತ್ರ ಇರುವವರಿಗೆ ದೊಡ್ಡ ಹೋಟೆಲ್ ಸರಪಳಿಯವರು ವಿಶೇಷ ದರ ಕೊಡುವುದು ಕಡಿಮೆ. ಅದರ ಬದಲು ನೀವು ಭೇಟಿಗೆ ಹೋಗುವ ಗಿರಾಕಿ ಕಂಪನಿಯನ್ನೇ ಕೇಳಿ: ಅವರ ಒಪ್ಪಂದದ ದರದಲ್ಲಿ ಅತಿಥಿಗಳಿಗೂ ಕೋಣೆ ಸಿಗುತ್ತದೆಯೇ? ಬಹಳ ಕಂಪನಿಗಳಲ್ಲಿ ಈ ಸೌಲಭ್ಯ ಇರುತ್ತದೆ, ಕೇಳುವವರು ಇರುವುದಿಲ್ಲ. ದಿನಾಂಕ ಗೊತ್ತುಮಾಡುವ ಮುನ್ನ ಅಲ್ಲಿಯ ಕ್ಯಾಲೆಂಡರ್ ನೋಡಿ. ಚೀನೀ ಹೊಸವರ್ಷ 2027ರಲ್ಲಿ ಫೆಬ್ರವರಿ 6ಕ್ಕೆ, ವಿಯೆಟ್ನಾಮಿನ ಟೆಟ್ ಕೂಡ ಅದೇ ದಿನ. ಜಪಾನಿನಲ್ಲಿ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರ, ಥಾಯ್ಲೆಂಡಿನಲ್ಲಿ ಏಪ್ರಿಲ್ 13ರಿಂದ 15, ಚೀನಾದಲ್ಲಿ ಅಕ್ಟೋಬರ್ ಮೊದಲ ವಾರ. ಆಗ ಕೋಣೆ ದುಬಾರಿ, ಕಾರ್ಖಾನೆಯೂ ಮುಚ್ಚಿರುತ್ತದೆ.

ಪ್ರಶ್ನೆ: ಪುಣೆಯ ಹೋಟೆಲ್ ಬಿಲ್ಲಿನ ಜಿಎಸ್‌ಟಿ ಕ್ರೆಡಿಟ್ ಸಿಗುವುದಿಲ್ಲ ಎನ್ನುತ್ತಾರೆ ಆಡಿಟರ್. ವಿಮಾನ ಟಿಕೆಟಿನದು ಸಿಗುತ್ತದಂತೆ. ಎರಡೂ ಹೊರ ರಾಜ್ಯದ್ದೇ ಅಲ್ಲವೇ?
— ಲೆಕ್ಕಪತ್ರ ವಿಭಾಗ, ಭದ್ರಾವತಿ

ಆಡಿಟರ್ ಹೇಳಿದ್ದು ಸರಿ. ಕ್ರೆಡಿಟ್ ಎಂದರೆ ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ಕಂಪನಿ ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು. ಹೋಟೆಲ್ ಕೋಣೆಯ ಸೇವೆ ‘ನಡೆದ ಜಾಗ’ ಆ ಕಟ್ಟಡ ಇರುವ ರಾಜ್ಯ. ಆದ್ದರಿಂದ ಪುಣೆಯವರು ಕೇಂದ್ರದ ಪಾಲಿನ ಜೊತೆ ಮಹಾರಾಷ್ಟ್ರದ ಪಾಲು ಹಾಕುತ್ತಾರೆ, ಕರ್ನಾಟಕದ ನೋಂದಣಿಯಲ್ಲಿ ಅದಕ್ಕೆ ಜಾಗವಿಲ್ಲ. ವಿಮಾನ ಟಿಕೆಟಿಗೆ ನಿಯಮ ಬೇರೆ: ನೋಂದಾಯಿತ ಕಂಪನಿ ಖರೀದಿಸಿದರೆ ಸೇವೆಯ ಜಾಗ ಆ ಕಂಪನಿಯ ರಾಜ್ಯ. ಪುಣೆಯಿಂದ ಹತ್ತಿದರೂ ಶಿವಮೊಗ್ಗದಿಂದ ಹತ್ತಿದರೂ ಕ್ರೆಡಿಟ್ ನಿಮ್ಮದೇ. ಎಕಾನಮಿ ದರ್ಜೆಗೆ 5%. ಬಿಸಿನೆಸ್ ದರ್ಜೆಗೆ 2025ರ ಸೆಪ್ಟೆಂಬರ್ 22ರಿಂದ 18%.

ಕ್ರೆಡಿಟ್ ಕೈತಪ್ಪುವುದು ಬುಕ್ಕಿಂಗ್ ಹೊತ್ತಿಗೇ. ನೌಕರರು ತಮ್ಮ ಸ್ವಂತ ಆ್ಯಪ್‌ನಲ್ಲಿ ಟಿಕೆಟ್ ಮಾಡಿ ಜಿಎಸ್‌ಟಿ ಸಂಖ್ಯೆಯ ಕಾಲಂ ಖಾಲಿ ಬಿಡುತ್ತಾರೆ. ಟಿಕೆಟ್ ಬಂದ ಮೇಲೆ ಸೇರಿಸಲು ಸಾಮಾನ್ಯವಾಗಿ ಬರುವುದಿಲ್ಲ. ಸಂಖ್ಯೆಯ ಜೊತೆ ಕೇಳುವ ಇಮೇಲ್ ಜಾಗದಲ್ಲಿ ನೌಕರರದನ್ನಲ್ಲ, ಕಚೇರಿಯದನ್ನೇ ಹಾಕಿಸಿ, ತೆರಿಗೆ ಬಿಲ್ ಬರುವುದು ಅಲ್ಲಿಗೆ. ಏಜೆಂಟ್ ಕೊಡುವ ಬಿಲ್ ಅವರ ಸೇವಾ ಶುಲ್ಕಕ್ಕೆ ಮಾತ್ರ, ಟಿಕೆಟಿನ ಬಿಲ್ ವಿಮಾನ ಸಂಸ್ಥೆಯದ್ದೇ ಬೇಕು. ರದ್ದಾದ ಟಿಕೆಟಿಗೆ ಕ್ರೆಡಿಟ್ ನೋಟ್ (ಹಳೆಯ ಬಿಲ್ಲಿನ ಮೊತ್ತ ತಗ್ಗಿಸುವ ಕಾಗದ) ಬಂದಿರುತ್ತದೆ, ಅದನ್ನು ಕಳೆಯದೆ ಬಿಟ್ಟರೆ ಜಿಎಸ್‌ಟಿಆರ್-2ಬಿ (ನಿಮಗೆ ಸಿಗುವ ಕ್ರೆಡಿಟ್ ತೋರಿಸುವ ಜಿಎಸ್‌ಟಿ ಪೋರ್ಟಲಿನ ಪಟ್ಟಿ) ಜೊತೆ ತಾಳೆ ಬೀಳುವುದಿಲ್ಲ. ಊಟದ ಬಿಲ್, ಬಾಡಿಗೆ ಕಾರು ಇವುಗಳ ಕ್ರೆಡಿಟ್ಟಿಗೆ ಕಾನೂನೇ ತಡೆ ಹಾಕಿದೆ, ಅದರ ಹಿಂದೆ ಸಮಯ ಕಳೆಯಬೇಡಿ.

ಪುಣೆಯ ಕೋಣೆಗೆ ಇನ್ನೊಂದು ಲೆಕ್ಕ. ದಿನಕ್ಕೆ ₹7,500ರವರೆಗೆ ತೆರಿಗೆ 5%, ದಾಟಿದರೆ 18%. ₹7,500ರ ಕೋಣೆಗೆ ತೆರಿಗೆ ಸೇರಿ 7,875. ₹7,600ರದಕ್ಕೆ 8,968. ದರದಲ್ಲಿ ನೂರು ರೂಪಾಯಿ ವ್ಯತ್ಯಾಸ, ಜೇಬಿನಿಂದ ಹೋಗುವುದು ₹1,093 ಹೆಚ್ಚು, ಅದೂ ವಾಪಸ್ ಬಾರದ ಹಣ. ಪ್ರಯಾಣ ನಿಯಮದಲ್ಲಿ ಮಿತಿ ಬರೆಯುವಾಗ ‘₹8,000ರವರೆಗೆ’ ಎಂದು ದುಂಡು ಸಂಖ್ಯೆ ಹಾಕುವುದು ಬೇಡ, 7,500ಕ್ಕೇ ನಿಲ್ಲಿಸಿ.

ಪ್ರಶ್ನೆ: ಶಿವಮೊಗ್ಗದಿಂದ ಬೆಂಗಳೂರಿಗೆ ವಿಮಾನ, ಅಲ್ಲಿಂದ ಅದೇ ರಾತ್ರಿ ವಿದೇಶದ ವಿಮಾನ. ಎರಡು ಬೇರೆ ಟಿಕೆಟ್ ಮಾಡಿದರೆ ಅಗ್ಗ. ಮಾಡಬಹುದೇ?
— ಆಡಳಿತ ವಿಭಾಗ, ಶಿವಮೊಗ್ಗ

ಬೇಸಿಗೆಯಲ್ಲಿ ಯೋಚಿಸಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ಸೋಗಾನೆಯ ನಿಲ್ದಾಣದ ಮೇಲೆ ಮೋಡ ಕೆಳಗಿಳಿದು ಕೂತರೆ ವಿಮಾನ ತಡವಾಗುತ್ತದೆ, ರದ್ದೂ ಆಗುತ್ತದೆ. ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಮುಂದಿನ ವಿಮಾನಕ್ಕೆ ಸೇರಿಸುವ ಹೊಣೆ ವಿಮಾನ ಸಂಸ್ಥೆಯದು. ಬೇರೆ ಬೇರೆ ಇದ್ದರೆ ನಿಮ್ಮವರು ‘ಬಾರದ ಪ್ರಯಾಣಿಕ’ ಆಗುತ್ತಾರೆ. ಹಾಗಾದ ಮೇಲೆ ಎಷ್ಟೋ ಟಿಕೆಟುಗಳಲ್ಲಿ ಹಿಂತಿರುಗುವ ಹಾರಾಟವೂ ತಾನಾಗಿ ರದ್ದು.

ಬೆಂಗಳೂರಿನಲ್ಲಿ ಎಲ್ಲ ವಿದೇಶ ವಿಮಾನ ಹೊರಡುವುದು ಟರ್ಮಿನಲ್ 2ರಿಂದ. ಒಂದನೆಯ ಟರ್ಮಿನಲ್‌ನಲ್ಲಿ ಇಳಿದವರು ಬ್ಯಾಗ್ ತೆಗೆದುಕೊಂಡು, ಶಟಲ್ ಬಸ್ ಹಿಡಿದು, ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಬೇರೆ ಟಿಕೆಟ್ ಆದರೆ ನಡುವೆ ಐದಾರು ಗಂಟೆಯಾದರೂ ಇರಲಿ. ಮಳೆಗಾಲದಲ್ಲಿ ಬೆಳಗಿನ ಜಾವ ಹೊರಡುವ ಜನಶತಾಬ್ದಿ ಒಳ್ಳೆಯ ದಾರಿ, ರಾತ್ರಿಯ ವಿಮಾನಕ್ಕೆ ಇಡೀ ಹಗಲು ಕೈಯಲ್ಲಿ ಉಳಿಯುತ್ತದೆ. ಎಸಿ ರೈಲು ಟಿಕೆಟ್ ಬುಕ್ ಮಾಡುವಾಗಲೂ ಜಿಎಸ್‌ಟಿ ಸಂಖ್ಯೆ ಹಾಕುವ ಜಾಗವಿದೆ.

ಪ್ರಶ್ನೆ: ನಾವು ಅಡಿಕೆ ಸುಲಿಯುವ ಯಂತ್ರ ಮಾಡುತ್ತೇವೆ. ಇಂಡೋನೇಷ್ಯಾದ ಜಾಂಬಿಗೆ ಎರಡು ಯಂತ್ರ ಕಳಿಸಿದ್ದೇವೆ. ಜೋಡಿಸಿ ಓಡಿಸಿ ತೋರಿಸಲು ಫಿಟ್ಟರ್ ಹೋಗಬೇಕು. ಅಲ್ಲಿ ಇಳಿದ ಮೇಲೆ ವೀಸಾ ಸಿಗುತ್ತದಂತೆ. ಅದು ಸಾಕೇ? ಸಲಕರಣೆ, ಹಣ ಹೇಗೆ?
— ತೀರ್ಥಹಳ್ಳಿಯ ಓದುಗರು

ಸಾಕಾಗುವುದಿಲ್ಲ. ಇಳಿದ ಮೇಲೆ ಸಿಗುವ 30 ದಿನದ ವೀಸಾ (5 ಲಕ್ಷ ರೂಪಿಯಾ) ಮಾತುಕತೆಗೆ, ಸರಕು ನೋಡುವುದಕ್ಕೆ, ಖರೀದಿಗೆ. ಸ್ಪ್ಯಾನರ್ ಹಿಡಿದು ಯಂತ್ರ ಜೋಡಿಸಿದರೆ ವಲಸೆ ಇಲಾಖೆಯ ಕಣ್ಣಿಗೆ ಅದು ಕೆಲಸ. ಸಿಕ್ಕಿಬಿದ್ದರೆ ಫಿಟ್ಟರನ್ನು ವಾಪಸ್ ಕಳಿಸುತ್ತಾರೆ, ಮತ್ತೆ ಆ ದೇಶಕ್ಕೆ ಹೋಗುವುದೂ ಕಷ್ಟ. ತಪ್ಪು ಕಂಪನಿಯದು, ಅನುಭವಿಸುವವರು ಫಿಟ್ಟರ್. ಯಂತ್ರ ಜೋಡಣೆ, ದುರಸ್ತಿಗೆಂದೇ ಬೇರೆ ವೀಸಾ ಇದೆ, ಅದಕ್ಕೆ ಅಲ್ಲಿಯ ಗಿರಾಕಿ ಪ್ರಾಯೋಜಕರಾಗಿ ಅರ್ಜಿ ಹಾಕಬೇಕು. ಯಂತ್ರದ ಆರ್ಡರ್ ಒಪ್ಪುವಾಗಲೇ ಈ ಜವಾಬ್ದಾರಿಯನ್ನು ಒಂದು ಸಾಲಾಗಿ ಬರೆದುಕೊಳ್ಳಿ. ಯಂತ್ರ ಬಂದರು ತಲುಪಿದ ಮೇಲೆ ವೀಸಾ ಹುಡುಕಲು ಹೊರಟರೆ ಅದು ಗೋದಾಮಿನಲ್ಲಿ ಕೂರುತ್ತದೆ, ಬಾಕಿ ಹಣವೂ ಕೂರುತ್ತದೆ.

ಬೇರೆ ದೇಶಗಳಲ್ಲಿ ಗೆರೆ ಬೇರೆ ಬೇರೆ ಕಡೆ ಇದೆ. ಸಿಂಗಪುರದಲ್ಲಿ ಯಂತ್ರ ಜೋಡಣೆ, ದುರಸ್ತಿಗೆ ವರ್ಷಕ್ಕೆ 90 ದಿನದ ಮಿತಿಯೊಳಗೆ ಕೆಲಸದ ಪಾಸ್ ಬೇಡ, ಆದರೆ ಅಲ್ಲಿ ಇಳಿದ ಮೇಲೆ, ಕೆಲಸ ಶುರು ಮಾಡುವ ಮುನ್ನ, ಮಾನವಶಕ್ತಿ ಸಚಿವಾಲಯಕ್ಕೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಆಸ್ಟ್ರೇಲಿಯಾದಲ್ಲಿ ಸಭೆಗೆ 600ನೇ ವರ್ಗದ ವೀಸಾ, ಅಲ್ಪಾವಧಿಯ ಪರಿಣತ ಕೆಲಸಕ್ಕೆ 400ನೇ ವರ್ಗ.

ದಾರಿಯ ಬಗ್ಗೆ ಒಂದು ಮಾತು. ಸಿಂಗಪುರದಲ್ಲಿ ವಿಮಾನ ಬದಲಿಸುವುದಾದರೆ ಜಕಾರ್ತದವರೆಗೆ ಒಂದೇ ಟಿಕೆಟ್ ಇರಲಿ. ಬೇರೆ ಟಿಕೆಟಾದರೆ ಬ್ಯಾಗ್ ತೆಗೆದುಕೊಳ್ಳಲು ವಲಸೆ ಕೌಂಟರ್ ದಾಟಬೇಕಾಗಬಹುದು, ಅದಕ್ಕೆ ಸಿಂಗಪುರದ ವೀಸಾ ಬೇಕು. ಪಾಸ್‌ಪೋರ್ಟಿನ ಅವಧಿ ಇಳಿಯುವ ದಿನದಿಂದ ಆರು ತಿಂಗಳಾದರೂ ಉಳಿದಿರಲಿ.

ಸ್ಪ್ಯಾನರ್, ಪುಲ್ಲರ್, ಅಲೈನ್‌ಮೆಂಟ್ ಗೇಜ್ ಇವು ಚೆಕ್-ಇನ್ ಬ್ಯಾಗಿಗೆ. ಲಿಥಿಯಂ ಬ್ಯಾಟರಿ ಬಿಡಿಯಾಗಿದ್ದರೆ, ಪವರ್ ಬ್ಯಾಂಕ್ ಇದ್ದರೆ, ಕೈಚೀಲದಲ್ಲೇ ಇರಬೇಕು. ವಾಪಸ್ ತರುವ ಬೆಲೆಬಾಳುವ ಉಪಕರಣಕ್ಕೆ ಎಟಿಎ ಕಾರ್ನೆ, ಅಂದರೆ ಸುಂಕ ಕಟ್ಟದೆ ತಾತ್ಕಾಲಿಕವಾಗಿ ಒಯ್ದು ತರಲು ಬಿಡುವ ಕಸ್ಟಮ್ಸ್ ಪತ್ರ, ಮಾಡಿಸಬಹುದು. ಭಾರತದಲ್ಲಿ ಅದನ್ನು ಕೊಡುವುದು ಉದ್ಯಮಗಳ ಒಕ್ಕೂಟವಾದ ಫಿಕ್ಕಿ, ಒಂದು ವರ್ಷ ಚಾಲ್ತಿ, ಇಂಡೋನೇಷ್ಯಾವೂ ಒಪ್ಪುತ್ತದೆ. ಅಷ್ಟು ಬೆಲೆಯದ್ದಲ್ಲದಿದ್ದರೆ, ಹೊರಡುವಾಗ ಇಲ್ಲಿಯ ಕಸ್ಟಮ್ಸ್‌ನಿಂದ ರಫ್ತು ಪ್ರಮಾಣಪತ್ರ ಪಡೆಯಿರಿ. ಅದು ಹಿಂದಿರುಗುವಾಗ ಇಲ್ಲಿ ಸುಂಕದ ಪ್ರಶ್ನೆ ಏಳದಂತೆ ಕಾಯುತ್ತದೆ. ಮಾದರಿ ಬಿಡಿಭಾಗದ ಇನ್‌ವಾಯ್ಸಿನಲ್ಲಿ ಬೆಲೆ ಸೊನ್ನೆ ಎಂದು ಬರೆಯಬೇಡಿ, ‘ಕಸ್ಟಮ್ಸ್ ಉದ್ದೇಶಕ್ಕೆ ಮಾತ್ರ’ ಎಂದು ನಿಜವಾದ ಬೆಲೆಯನ್ನೇ ಹಾಕಿ.

ವಿದೇಶಿ ನೋಟು ಒಂದು ಪ್ರಯಾಣಕ್ಕೆ 3,000 ಅಮೆರಿಕನ್ ಡಾಲರಿನಷ್ಟು ಒಯ್ಯಬಹುದು, ಫಿಟ್ಟರಿಗೆ ಅಷ್ಟು ಬೇಕಾಗುವುದಿಲ್ಲ. ಕೆಲವು ದಿನದ ಖರ್ಚಿಗೆ ನೋಟು, ಉಳಿದದ್ದು ಕಂಪನಿ ಹೆಸರಿನಲ್ಲಿ ಪಡೆದ, ವಿದೇಶಿ ಹಣ ತುಂಬಿಸಿದ ಫಾರೆಕ್ಸ್ ಕಾರ್ಡಿನಲ್ಲಿ. ಅಂಗಡಿಯ ಯಂತ್ರ ‘ರೂಪಾಯಿಯಲ್ಲೋ ಸ್ಥಳೀಯ ಹಣದಲ್ಲೋ’ ಎಂದು ಕೇಳಿದರೆ ಸ್ಥಳೀಯ ಹಣವನ್ನೇ ಒತ್ತಲು ಹೇಳಿಕೊಡಿ. ರೂಪಾಯಿ ಒತ್ತಿದರೆ ವಿನಿಮಯ ದರ ಅವರು ಹೇಳಿದ್ದೇ ಆಗುತ್ತದೆ. ಉಳಿದ ಹಣವನ್ನು ಬಂದ 180 ದಿನದೊಳಗೆ ಬ್ಯಾಂಕಿಗೆ ಒಪ್ಪಿಸಬೇಕು, 2,000 ಡಾಲರಿನವರೆಗೆ ಇಟ್ಟುಕೊಳ್ಳಬಹುದು.

ಪ್ರಶ್ನೆ: ಸಾಗರದ ಹತ್ತಿರ ನಮ್ಮದು ಹೋಂಸ್ಟೇ. ಬೆಂಗಳೂರಿನ ಕಂಪನಿಯೊಂದು 24 ಜನರ ಎರಡು ರಾತ್ರಿಯ ವಾಸಕ್ಕೆ ದರ ಕೇಳಿ ಉದ್ದದ ಫಾರಂ ಕಳಿಸಿದೆ. ಹಣ 60 ದಿನಕ್ಕೆ ಎಂದಿದೆ. ಒಪ್ಪಬೇಕೇ?
— ಸಾಗರ ತಾಲ್ಲೂಕಿನ ಓದುಗರು

60 ದಿನ ಒಪ್ಪಬೇಡಿ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಇದ್ದರೆ, ಲಿಖಿತ ಒಪ್ಪಂದವಿದ್ದರೂ ಹಣ ಕೊಡಲು ಗರಿಷ್ಠ 45 ದಿನ, ಒಪ್ಪಂದ ಇಲ್ಲದಿದ್ದರೆ 15 ದಿನ. ದಾಟಿದರೆ ಬಡ್ಡಿ ಸೇರುತ್ತದೆ, ಆ ಖರ್ಚನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯಲು ಹಣ ಕೊಡುವವರೆಗೂ ಕಂಪನಿಗೆ ಆಗುವುದಿಲ್ಲ. ನೋಂದಣಿ ಉಚಿತ, ಆನ್‌ಲೈನ್. ಆ ಸಂಖ್ಯೆಯನ್ನು ಫಾರಂನಲ್ಲೂ ಬಿಲ್ಲಿನಲ್ಲೂ ಕಾಣುವಂತೆ ಬರೆಯಿರಿ. ಪ್ಯಾನ್ ಕೊಡುವುದು ಮರೆಯಬೇಡಿ, ಇಲ್ಲದಿದ್ದರೆ ಮೂಲದಲ್ಲೇ 20% ಕಡಿತ.

ಫಾರಂನಲ್ಲಿ ಅವರು ತೂಗಿ ನೋಡುವುದು ದರವನ್ನಷ್ಟೇ ಅಲ್ಲ. ಹೋಂಸ್ಟೇ ನೋಂದಣಿ, ಆಹಾರ ಪರವಾನಗಿ, ಬೆಂಕಿ ಆರಿಸುವ ಸಿಲಿಂಡರ್, ಜನರೇಟರ್ ಎಷ್ಟು ಗಂಟೆ ಓಡುತ್ತದೆ, ಯಾವ ಮೊಬೈಲ್ ಕಂಪನಿಯ ಸಿಗ್ನಲ್ ಯಾವ ಕೋಣೆಯಲ್ಲಿ ಸಿಗುತ್ತದೆ, ಆಸ್ಪತ್ರೆ ಎಷ್ಟು ದೂರ, ಇವನ್ನೆಲ್ಲ ಇದ್ದದ್ದು ಇದ್ದಂತೆ ಬರೆಯಿರಿ. ಸಿಗ್ನಲ್ ಅಂಗಳದಲ್ಲಿ ಮಾತ್ರ ಎಂದಾದರೆ ಹಾಗೇ ಹೇಳಿ. ದೊಡ್ಡ ಬಸ್ ಮನೆಯವರೆಗೆ ಬರುತ್ತದೋ, ಮುಖ್ಯ ರಸ್ತೆಯಲ್ಲಿ ನಿಲ್ಲಿಸಿ ಜೀಪಿನಲ್ಲಿ ಕರೆತರಬೇಕೋ ಎಂಬುದನ್ನೂ. ಮಳೆಗಾಲವಾದರೆ ಇಂಬಳದ ವಿಚಾರವನ್ನು ಮೊದಲೇ ತಿಳಿಸಿ, ಉಪ್ಪು, ಸುಣ್ಣದಪುಡಿ ಸಿದ್ಧ ಇದೆ ಎನ್ನಿ.

ದರವನ್ನು ತಲೆಗೆ ಹೇಳಿ, ಜೊತೆಗೆ ಕನಿಷ್ಠ ಎಷ್ಟು ತಲೆ ಎಂಬುದನ್ನೂ ಬರೆಯಿರಿ. 24 ಎಂದು ಹೇಳಿ 15 ಜನ ಬಂದರೆ ನೀವು ತಂದ ತರಕಾರಿ, ಕರೆಸಿದ ಅಡುಗೆಯವರ ಕೂಲಿ ಯಾರ ಲೆಕ್ಕ? ಏಳು ದಿನ ಮೊದಲು ಹೇಳಿದ ಸಂಖ್ಯೆಯೇ ಬಿಲ್ಲಿನ ಸಂಖ್ಯೆ ಎಂದು ಬರೆದುಕೊಂಡರೆ ಈ ಜಗಳ ಬರುವುದಿಲ್ಲ. ಚಾಲಕ, ಕ್ಲೀನರ್‌ಗೆ ಮಲಗಲು ಜಾಗ, ಊಟ ಸೇರಿದೆಯೇ ಎಂಬುದೂ ಅದೇ ಕಾಗದದಲ್ಲಿರಲಿ, ಅವರು ನಿಮ್ಮ ಅತಿಥಿಗಳೇ. ಮುಂಗಡ 50% ಕೇಳಿ. ವರ್ಷದ ವಹಿವಾಟು ₹20 ಲಕ್ಷದೊಳಗಿದ್ದು ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ಬಿಲ್ಲಿನಲ್ಲಿ ತೆರಿಗೆ ಹಾಕುವಂತಿಲ್ಲ, ಕಂಪನಿಯವರು ಒತ್ತಾಯಿಸಿದರೂ.