ಅಪ್ಪನ ನೆರವಿಲ್ಲದೆ ಓದುವವರಿಗೆ: ಸಾಲಕ್ಕೆ ಮೊದಲು, ಸಾಲದ ನಂತರ

ಪ್ರಶ್ನೆ: ಮಧುಗಿರಿಯಲ್ಲಿ ಬಿ.ಕಾಂ. ಮುಗಿಸಿದ್ದೇನೆ. ತುಮಕೂರು ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಓದುವ ಆಸೆಯಿದೆ. ‘ಡಿಗ್ರಿ ಆಯಿತಲ್ಲ, ಇನ್ನು ಗಂಡು ನೋಡುತ್ತೇನೆ, ಓದಿಗೆ ಒಂದು ರೂಪಾಯಿಯೂ ಇಲ್ಲ’ ಎಂದು ಅಪ್ಪ ಹೇಳಿಬಿಟ್ಟಿದ್ದಾರೆ. ಅಮ್ಮನಿಗೆ ಓದಿಸುವ ಮನಸ್ಸಿದೆ, ಕೈಯಲ್ಲಿ ಹಣವಿಲ್ಲ. ಊರಿನವರೊಬ್ಬರು ಮೂರು ರೂಪಾಯಿ ಬಡ್ಡಿಗೆ 40 ಸಾವಿರ ಕೊಡುತ್ತೇನೆ ಎನ್ನುತ್ತಿದ್ದಾರೆ. ನಾವು ಹಿಂದುಳಿದ ವರ್ಗದವರು. ಈ ಸಾಲ ಪಡೆಯಬಹುದೇ?
– ಹೆಸರು ಬೇಡ, ಮಧುಗಿರಿ ತಾಲ್ಲೂಕು

ಉತ್ತರ: ದಯವಿಟ್ಟು ಆ ಸಾಲವನ್ನು ಪಡೆಯಬೇಡಿ. ಮೂರು ರೂಪಾಯಿ ಬಡ್ಡಿ ಎಂದರೆ ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ ಶೇ 36. ನಲವತ್ತು ಸಾವಿರಕ್ಕೆ ತಿಂಗಳಿಗೆ 1,200 ರೂಪಾಯಿಯಂತೆ ಎರಡು ವರ್ಷಕ್ಕೆ 28,800 ರೂಪಾಯಿ ಬಡ್ಡಿಯನ್ನೇ ಕಟ್ಟಿರುತ್ತೀರಿ. ನಿಮ್ಮ ಓದು ಮುಗಿಯುವ ದಿನವೂ ಅಸಲು 40 ಸಾವಿರ ಹಾಗೆಯೇ ನಿಂತಿರುತ್ತದೆ. ಸಂಪಾದನೆಯೇ ಇಲ್ಲದ ವಿದ್ಯಾರ್ಥಿನಿಗೆ ತಿಂಗಳ ಬಡ್ಡಿಯ ಸಾಲ ಎಷ್ಟು ಚಿಕ್ಕದಾದರೂ ಹೊರೆಯೇ. ಮೊಬೈಲ್ ಆ್ಯಪ್‌ಗಳ ದಿಢೀರ್ ಸಾಲಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಸಾಲದ ಮೊತ್ತವನ್ನು ಗೊತ್ತುಮಾಡುವ ಮೊದಲು ಖರ್ಚನ್ನು ಎಷ್ಟು ಇಳಿಸಬಹುದೆಂದು ನೋಡೋಣ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗೆ, ಅಂದರೆ ಎಲ್ಲರೂ ಬಿಸಿಎಂ ಹಾಸ್ಟೆಲ್ ಎನ್ನುವ ವಿದ್ಯಾರ್ಥಿನಿಲಯಕ್ಕೆ, ಪ್ರವೇಶ ಪ್ರಕಟಣೆ ಹೊರಬಿದ್ದ ಕೂಡಲೇ ಅರ್ಜಿ ಹಾಕಿ. ಅಲ್ಲಿ ಊಟ, ವಸತಿ ಎರಡೂ ಉಚಿತ. ಸೀಟು ಸಿಗದಿದ್ದರೆ ‘ವಿದ್ಯಾಸಿರಿ’ ಯೋಜನೆಯಿದೆ. ಇಲಾಖೆಯ ಹಾಸ್ಟೆಲ್‌ನಲ್ಲಿ ಇಲ್ಲದ ಅರ್ಹ ವಿದ್ಯಾರ್ಥಿಗಳಿಗೆ ಊಟ, ವಸತಿಯ ಖರ್ಚಿಗೆ ಹತ್ತು ತಿಂಗಳ ಸಹಾಯಧನ ಬರುತ್ತದೆ. ಅದೂ ತಡವಾದರೆ, ‘ಶಕ್ತಿ’ ಯೋಜನೆಯಡಿ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲದೆ ಮಧುಗಿರಿಯಿಂದ ತುಮಕೂರಿಗೆ ಹೋಗಿಬರಬಹುದು. ದಿನವೂ ಓಡಾಡುವುದು ದಣಿವಿನ ಕೆಲಸವೇ ಹೌದು, ಆದರೆ ಮೊದಲ ಕೆಲವು ತಿಂಗಳು ಪಿ.ಜಿ. (ಪೇಯಿಂಗ್ ಗೆಸ್ಟ್) ಕೋಣೆಯ ಬಾಡಿಗೆಗೆಂದು ಸಾಲ ಮಾಡುವುದಕ್ಕಿಂತ ಎಷ್ಟೋ ಮೇಲು.

ಶುಲ್ಕ ವಿನಾಯಿತಿ, ವಿದ್ಯಾರ್ಥಿವೇತನಗಳಿಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಅಂದರೆ ಎಸ್‌ಎಸ್‌ಪಿಯಲ್ಲಿ, ಅರ್ಜಿ ಸಲ್ಲಿಸಬೇಕು. ಇಲ್ಲಿ ಹಣ ತಪ್ಪಿಹೋಗುವುದು ಹೆಚ್ಚಾಗಿ ಸಣ್ಣ ಕಾರಣಗಳಿಗೆ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಮುಂದಿರುತ್ತದೆ, ಆಧಾರ್‌ನಲ್ಲಿ ಹಿಂದಿರುತ್ತದೆ. ಖಾತೆಯಿರುತ್ತದೆ, ಆದರೆ ಅದಕ್ಕೆ ಆಧಾರ್ ಜೋಡಣೆಯಾಗಿರುವುದಿಲ್ಲ. ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರ ಪಡೆದು, ಅದರ ಮೇಲಿರುವ, ಪ್ರಮಾಣಪತ್ರವನ್ನು ಗುರುತಿಸುವ ಆರ್‌ಡಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ; ಬ್ಯಾಂಕಿಗೆ ಹೋಗಿ ಆಧಾರ್ ಜೋಡಣೆ ಆಗಿದೆಯೇ ಎಂದು ಬಾಯಿಬಿಟ್ಟು ಕೇಳಿ. ಒಂದು ಮಾತು ನಿಮಗೆ ಅನ್ಯಾಯವೆಂದು ತೋರಬಹುದು: ಅಪ್ಪ ನಿಮಗೆ ಬಿಡಿಗಾಸು ಕೊಡದಿದ್ದರೂ ಅವರ ಆದಾಯವೇ ಕುಟುಂಬದ ಆದಾಯವೆಂದು ಲೆಕ್ಕಕ್ಕೆ ಬರುತ್ತದೆ.

ಇಷ್ಟೆಲ್ಲ ಆದ ಮೇಲೂ ಕೊರತೆ ಉಳಿದರೆ ಆಗ ಬ್ಯಾಂಕಿನ ಶಿಕ್ಷಣ ಸಾಲ ಕೇಳಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ಆಸ್ತಿ ಅಡಮಾನ ಬೇಕಿಲ್ಲ. ಬೋಧನಾ ಶುಲ್ಕವಲ್ಲದೆ ಪರೀಕ್ಷಾ ಶುಲ್ಕ, ಹಾಸ್ಟೆಲ್ ಖರ್ಚು, ಪುಸ್ತಕಗಳೂ ಅದರೊಳಗೆ ಸೇರುತ್ತವೆ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಸಾಲಕ್ಕೆ ಪೋಷಕರೊಬ್ಬರು ಜೊತೆ ಸಾಲಗಾರರಾಗಿ ಸಹಿ ಹಾಕಬೇಕು, ಅದು ಅಪ್ಪನದೇ ಆಗಬೇಕೆಂದಿಲ್ಲ, ಅಮ್ಮನ ಸಹಿಯೂ ಆದೀತು. ಹಾಗೆಂದು ಅಮ್ಮನನ್ನು ಸುಮ್ಮನೆ ಕರೆದೊಯ್ದು ಸಹಿ ಹಾಕಿಸಬೇಡಿ. ನೀವು ಕಟ್ಟದಿದ್ದರೆ ಬ್ಯಾಂಕು ತಮ್ಮನ್ನೇ ಕೇಳುತ್ತದೆ ಎಂಬುದು ಅವರಿಗೆ ಮೊದಲೇ ತಿಳಿದಿರಬೇಕು. ಕೇಂದ್ರದ ಪೂರ್ಣ ಬಡ್ಡಿ ಸಹಾಯಧನ ತಾಂತ್ರಿಕ ಮತ್ತು ವೃತ್ತಿಪರ ಕೋರ್ಸುಗಳಿಗೆ ಮೀಸಲಾದ್ದರಿಂದ ಎಂ.ಕಾಂ.ಗೆ ಅದನ್ನು ನಂಬಿಕೊಳ್ಳಬೇಡಿ. ಶೇ 10ರ ಬಡ್ಡಿಯೆಂದು ಹಿಡಿದರೂ 40 ಸಾವಿರಕ್ಕೆ ವರ್ಷಕ್ಕೆ 4,000 ರೂಪಾಯಿ. ನಿಮ್ಮ ಊರಿನವರ ಲೆಕ್ಕದಲ್ಲಿ ಅದು 14,400. ಸಂಜೆ ಮಕ್ಕಳಿಗೆ ಲೆಕ್ಕಶಾಸ್ತ್ರದ ಮನೆಪಾಠ ಹೇಳಿ ಓದುವಾಗಲೇ ಬಡ್ಡಿಯಷ್ಟನ್ನಾದರೂ ಕಟ್ಟುತ್ತಾ ಬಂದರೆ ಸಾಲ ಬೆಳೆಯುವುದೇ ಇಲ್ಲ.

ಪ್ರಶ್ನೆ: ಶಿಕ್ಷಣ ಸಾಲದಲ್ಲಿ ಬಿ.ಇ. ಮುಗಿಸಿದೆ. ಬಡ್ಡಿ ಸೇರಿ ಈಗ ಮೂರೂವರೆ ಲಕ್ಷವಾಗಿದೆ. ಐದು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 7,400 ರೂಪಾಯಿ ಕಟ್ಟಬೇಕು. ಸಂಬಳ 18 ಸಾವಿರ, ಮನೆಯಿಂದ ಸಹಾಯವಿಲ್ಲ. ಎರಡು ಕಂತು ತಪ್ಪಿದೆ. ಬ್ಯಾಂಕಿಗೆ ಹೋಗಲು ಹೆದರಿಕೆ.
– ಓದುಗ, ತಿಪಟೂರು

ಉತ್ತರ: ಈ ವಾರವೇ ಹೋಗಿ. ಬಾಕಿ 90 ದಿನ ದಾಟಿದರೆ ಸಾಲ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ, ಸಾಲ ತೀರಿಸಿದ ರೀತಿಯನ್ನು ತೋರಿಸುವ ನಿಮ್ಮ ಸಿಬಿಲ್ ಅಂಕ ಮತ್ತಷ್ಟು ಕುಸಿಯುತ್ತದೆ, ಜೊತೆಗೆ ಸಹಿ ಹಾಕಿದವರದೂ ಕುಸಿಯುತ್ತದೆ. ಸಂಬಳದ ಚೀಟಿಯೊಂದಿಗೆ, ಮರುಪಾವತಿಯ ಅವಧಿ ಹೆಚ್ಚಿಸಿಕೊಡಿ ಎಂದು ಲಿಖಿತವಾಗಿ ಕೇಳಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಮಾದರಿ ಯೋಜನೆಯಲ್ಲಿ 15 ವರ್ಷದವರೆಗೆ ಅವಕಾಶವಿದೆ. ಶೇ 10ರ ಬಡ್ಡಿಯಲ್ಲಿ 15 ವರ್ಷಕ್ಕೆ ಹಂಚಿದರೆ ಕಂತು ಸುಮಾರು 3,760ಕ್ಕೆ ಇಳಿಯುತ್ತದೆ. ಆದರೆ ಪೂರ್ತಿ 15 ವರ್ಷ ಎಳೆದರೆ ಬಡ್ಡಿಯೇ ಸುಮಾರು 3.27 ಲಕ್ಷ, ಐದು ವರ್ಷದಲ್ಲಿ ತೀರಿಸಿದರೆ 96 ಸಾವಿರ. ಆದ್ದರಿಂದ ಈಗ ಅವಧಿ ಹೆಚ್ಚಿಸಿಕೊಂಡು ಉಸಿರಾಡಿ, ಸಂಬಳ ಏರಿದ ಮೇಲೆ ಕಂತಿನ ಜೊತೆಗೆ ಹೆಚ್ಚುವರಿ ಹಣ ಕಟ್ಟುತ್ತಾ ಬನ್ನಿ. ಬದಲಾಗುವ ಬಡ್ಡಿದರದ ಸಾಲವಾದರೆ ಅವಧಿಗೆ ಮೊದಲು ತೀರಿಸಿದ್ದಕ್ಕೆ ಬ್ಯಾಂಕು ದಂಡ ಹಾಕುವಂತಿಲ್ಲ.