ಓದುಗರ ಪ್ರಶ್ನೆ: ಮಗಳು ಪ್ರಬಂಧವನ್ನು ಬಾಯಿಪಾಠ ಮಾಡುತ್ತಾಳೆ, ಏನು ಮಾಡಲಿ?

ಪ್ರಶ್ನೆ: ಮಗಳು ಎಂಟನೇ ಕ್ಲಾಸು. ಓದುವುದರಲ್ಲಿ ಚುರುಕು. ಪ್ರಬಂಧ ಮಾತ್ರ ಗೈಡ್ ನೋಡಿ ಬಾಯಿಪಾಠ ಮಾಡಿ ಬರೆಯುತ್ತಾಳೆ. ಗೈಡಿನಲ್ಲಿ ಇಲ್ಲದ ವಿಷಯ ಬಂದರೆ ನಾಲ್ಕು ಸಾಲಿಗೇ ನಿಲ್ಲುತ್ತದೆ. ಮೊನ್ನೆ ಬರೆದ ‘ಕೃಷಿಯ ಮಹತ್ವ’ ಪ್ರಬಂಧವನ್ನು ಕಳಿಸಿದ್ದೇನೆ. ನಮ್ಮದು ಮಲ್ಲಿಗೆ ಕೃಷಿ. ನನಗೆ ಓದು ಕಡಿಮೆ, ಹೇಗೆ ಸಹಾಯ ಮಾಡಲಿ?
– ಒಬ್ಬ ತಾಯಿ, ಶಂಕರಪುರ

ಉತ್ತರ: ಪ್ರಬಂಧ ಓದಿದೆ. ಅಕ್ಷರ ದುಂಡಗೆ ಉಂಟು, ಕಾಗುಣಿತದ ತಪ್ಪು ಒಂದೂ ಇಲ್ಲ. ‘ರೈತ ದೇಶದ ಬೆನ್ನೆಲುಬು’ ಎಂದು ಶುರುವಾಗಿ ‘ಆದ್ದರಿಂದ ನಾವೆಲ್ಲರೂ ಕೃಷಿಯನ್ನು ಪ್ರೋತ್ಸಾಹಿಸಬೇಕು’ ಎಂದು ಮುಗಿದಿದೆ. ನಡುವೆ ನಿಮ್ಮ ತೋಟದ ಒಂದು ಮೊಗ್ಗೂ ಇಲ್ಲ. ಜಿಐ ಮಾನ್ಯತೆ (ಒಂದು ಊರಿನ ವಿಶೇಷ ಬೆಳೆ ಎಂಬ ಅಧಿಕೃತ ಗುರುತು) ಪಡೆದ ಹೂವು ಮನೆ ಅಂಗಳದಲ್ಲೇ ಬೆಳೆಯುತ್ತಿರುವಾಗ ಮಗು ಗೈಡಿನ ರೈತನ ಬಗ್ಗೆ ಬರೆದಿದ್ದಾಳೆ. ನನಗೆ ಬೇಸರವಾದದ್ದು ಅಲ್ಲಿ.

ನಾನು ಉಡುಪಿ ಕಡೆಯ ಹೈಸ್ಕೂಲುಗಳಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಪದ ಗೊತ್ತಿಲ್ಲದೆ ಪ್ರಬಂಧ ಸೊರಗುವುದು ಕಡಿಮೆ. ತನ್ನ ಮನೆಯಲ್ಲಿ ನಡೆಯುವುದನ್ನೂ ಪ್ರಬಂಧದಲ್ಲಿ ಬರೆಯಬಹುದು ಎಂದು ಮಗುವಿಗೆ ಯಾರೂ ಹೇಳಿರುವುದಿಲ್ಲ. ಅದನ್ನು ಹೇಳಲು ನಿಮ್ಮಷ್ಟು ಸರಿಯಾದವರು ಬೇರೆ ಯಾರಿದ್ದಾರೆ ಮಾರಾಯ್ರೆ?

ಪೆನ್ನು ಹಿಡಿಯುವ ಮೊದಲು ಅವಳನ್ನು ಮಾತಾಡಿಸಿ. ಹೂ ಕಟ್ಟುವಾಗ ಎದುರು ಕೂರಿಸಿಕೊಂಡು ಕೇಳಿ. ಮೊಗ್ಗನ್ನು ಬಿಸಿಲೇರುವ ಮೊದಲೇ ಯಾಕೆ ಕೊಯ್ಯಬೇಕು? ಕಟ್ಟಿದ ಹೂವಿನ ಒಂದು ಚೆಂಡಿಗೆ ಎಷ್ಟು ಹೂ? ಮಳೆಗಾಲದಲ್ಲಿ ಹೂ ಕಡಿಮೆಯಾಗಿ ಅಟ್ಟೆಯ (ನಾಲ್ಕು ಚೆಂಡಿನ ಲೆಕ್ಕ) ರೇಟು ಏರಿದರೆ ನಮ್ಮ ಕೈಗೆ ಜಾಸ್ತಿ ದುಡ್ಡು ಬರುತ್ತದಾ? ಈ ಕೊನೆಯ ಪ್ರಶ್ನೆ ಮುಖ್ಯ. ಗಿಡದಲ್ಲಿ ಹೂವೇ ಇಲ್ಲದಿದ್ದರೆ ರೇಟು ಏರಿ ಏನು ಪ್ರಯೋಜನ, ಅಲ್ವಾ? ಇದನ್ನು ಅವಳೇ ಯೋಚಿಸಿ ಹೇಳಲಿ, ನೀವು ಹೇಳಿಕೊಡಬೇಡಿ. ‘ಕೃಷಿಯ ಮಹತ್ವ’ ಎಂಬುದು ಎಲ್ಲಿ ಹಿಡಿಯಬೇಕೆಂದೇ ತಿಳಿಯದಷ್ಟು ದೊಡ್ಡ ವಿಷಯ. ರೇಟು ಏರಿದ ದಿನ ಬೆಳೆದವರಿಗೆ ಲಾಭ ಎಂದೇನಿಲ್ಲ ಎಂಬುದು ಎಂಟನೇ ಕ್ಲಾಸಿನ ಹುಡುಗಿ ಹಿಡಿದು ಬರೆಯಬಹುದಾದ ಮಾತು.

ಅವಳ ಪ್ರಬಂಧದಲ್ಲಿ ‘ಕೃಷಿಯು ಬಹಳ ಶ್ರಮದಾಯಕವಾದ ಕೆಲಸವಾಗಿದೆ’ ಎಂಬ ಸಾಲುಂಟು. ಅದರ ಜಾಗದಲ್ಲಿ ಹೀಗೆ ಬರೆದರೆ ನೋಡಿ: ‘800 ಮೊಗ್ಗು ಕಟ್ಟಿದರೆ ಒಂದು ಚೆಂಡು. ಅಂಥ 4 ಚೆಂಡು ಸೇರಿದರೆ ಒಂದು ಅಟ್ಟೆ. ಬಾಳೆನಾರು ಒಣಗಿದರೆ ತುಂಡಾಗುತ್ತದೆ, ಅದಕ್ಕೆ ಅಮ್ಮ ಮೊದಲೇ ನೆನೆಸಿಡುತ್ತಾರೆ.’ ಶ್ರಮ ಎಂಬ ಪದ ಇಲ್ಲದೆಯೇ ಓದಿದವರಿಗೆ ಕೈ ನೋಯುತ್ತದೆ.

ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಇರಲಿ. ಪರೀಕ್ಷೆಗೆ ಅದು ಬೇಕು. ಆದರೆ ಮನೆಯಲ್ಲಿ ಅಭ್ಯಾಸ ಮಾಡುವಾಗ ಪೀಠಿಕೆಯನ್ನು ಕೊನೆಗೆ ಬರೆಯಲು ಹೇಳಿ. ಏನು ಹೇಳುತ್ತೇನೆಂದು ಗೊತ್ತಾಗುವ ಮೊದಲೇ ಪೀಠಿಕೆಗೆ ಕೂತರೆ ಬೆನ್ನೆಲುಬಿನ ಸಾಲೇ ನೆನಪಾಗುವುದು. ‘ಬೇಕು’ ಎಂದು ಮುಗಿಯುವ ಸಾಲುಗಳಿಗೆಲ್ಲ ಅವಳೇ ಅಡಿಗೆರೆ ಹಾಕಲಿ. ಯಾರು ಮಾಡಬೇಕು, ಹೇಗೆ ಎಂದು ಹೇಳಲಾಗದಿದ್ದರೆ ಆ ಸಾಲನ್ನು ಹೊಡೆದು ಹಾಕಲಿ. ಆಮೇಲೆ ನಿಮಗೆ ಗಟ್ಟಿಯಾಗಿ ಓದಿ ಹೇಳಲಿ. ನಿಮಗೆ ಅರ್ಥವಾಗದ ಕಡೆ ‘ಹಾಗಂದರೆ ಏನು?’ ಎಂದು ಕೇಳಿ. ಅವಳು ಬಾಯಲ್ಲಿ ಬಿಡಿಸಿ ಹೇಳುತ್ತಾಳಲ್ಲ, ಬರೆಯಬೇಕಾದದ್ದು ಅದನ್ನೇ.

ಎಲ್ಲ ವಿಷಯಕ್ಕೂ ಅಂಗಳ ಸಾಕಾಗುವುದಿಲ್ಲ. ಚಂದ್ರಯಾನ-3ರ ಬಗ್ಗೆ ಬರೆಯಲು ಪೇಪರು, ಲೈಬ್ರರಿ ಬೇಕು. 2023ರ ಆಗಸ್ಟ್ 23ರಂದು ಇಳಿಯಿತು ಎಂದು ಬರೆದರೆ ಸುಮ್ನೆ ತಾರೀಕು. ದಕ್ಷಿಣ ಧ್ರುವದ ಕಡೆಯೇ ಯಾಕೆ ಇಳಿಸಿದರು ಎಂದು ಹುಡುಕಿದರೆ, ಅಲ್ಲಿ ಬಿಸಿಲೇ ಬೀಳದ ಕುಳಿಗಳಲ್ಲಿ ನೀರು ಮಂಜುಗಡ್ಡೆಯಾಗಿ ಉಳಿದಿರುವ ವಿಷಯ ಸಿಗುತ್ತದೆ. ಪ್ರಬಂಧ ಅಲ್ಲಿಂದ ಮುಂದೆ ಹೋಗುತ್ತದೆ.

ಪ್ರಶ್ನೆ: ನಾನು ಕನ್ನಡ ಟೀಚರ್. ರಾತ್ರಿ ಕೂತು ಪ್ರಬಂಧದ ತಪ್ಪುಗಳನ್ನೆಲ್ಲ ತಿದ್ದುತ್ತೇನೆ. ಮುಂದಿನ ಸಲ ಮತ್ತೆ ಅವೇ ತಪ್ಪು.
– ಶಿಕ್ಷಕಿ, ಮಲ್ಪೆ

ಉತ್ತರ: ಎಲ್ಲವನ್ನೂ ತಿದ್ದಬೇಡಿ ಟೀಚರೇ. ಮೊದಲು ಪೆನ್ನು ಹಿಡಿಯದೆ ಓದಿ. ಮಗು ಇನ್ನೂ ಹೇಳಬೇಕಿತ್ತು ಅನಿಸಿದ ಕಡೆ ಅಂಚಿನಲ್ಲಿ ಒಂದೇ ಒಂದು ಪ್ರಶ್ನೆ ಬರೆಯಿರಿ. ‘ಮಳೆಗಾಲದಲ್ಲಿ ಬೋಟು ಹೋಗುವುದಿಲ್ಲ, ಅಪ್ಪ ಮನೆಯಲ್ಲಿರುತ್ತಾರೆ’ ಎಂದು ಬರೆದ ಹುಡುಗನಿಗೆ, ‘ಮೀನುಗಾರಿಕೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗೆ ಅಪ್ಪ ಏನು ಮಾಡುತ್ತಾರೆ?’ ಎಂದು ಕೇಳಿ. ಆ ಪ್ಯಾರಾ ಒಂದನ್ನೇ ಮತ್ತೆ ಬರೆದು ತರಲಿ. ಕಾಗುಣಿತದಲ್ಲಿ ಒಂದು ಸಲಕ್ಕೆ ಒಂದೇ ಬಗೆಯ ತಪ್ಪು ಹಿಡಿಯಿರಿ. ಈ ತಿಂಗಳು ಮಹಾಪ್ರಾಣ, ಮುಂದಿನ ತಿಂಗಳು ಒತ್ತಕ್ಷರ. ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿ ಕಾಣದಿದ್ದರೆ ಪೋಷಕರು ಕೇಳಿಯೇ ಕೇಳುತ್ತಾರೆ. ಮೀಟಿಂಗಿನಲ್ಲಿ ಮೊದಲೇ ಹೇಳಿಬಿಡಿ.